ಜರಡಿಯವನ ಪಂದ್ಯ

ಬೀಗದ ಕೈ ಮಾಡುವವನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಒಂದು ಕೋಣೆ. ಒಳಗಿದ್ದವರು ಹೊರಗೆ ಬಂದರೆ ಮಾತ್ರ ಹೊರಗಿದ್ದವರು ಒಳಗೆ ಹೋಗಬಹುದು, ಅಷ್ಟು ಇಕ್ಕಟ್ಟು. ಆ ಕೋಣೆಯಲ್ಲಿ ಎರಡು ಕಂಪ್ಯೂಟರು, ಒಂದು ದೊಡ್ಡ ಪರದೆ, ಮೂರು ಸ್ಟೂಲು, ಗರಗರ ಎನ್ನುವ ಒಂದು ಫ್ಯಾನು ಇಟ್ಟುಕೊಂಡು ಹನ್ನೆರಡು ವರ್ಷದಿಂದ ವೀಡಿಯೊಗಳನ್ನು ಸಣ್ಣ ಮಾಡಿಕೊಡುತ್ತಿದ್ದವನಿಗೆ ಬೀದಿಯವರು ಇಟ್ಟ ಹೆಸರು ಜರಡಿ. ಮೊದಮೊದಲು ಆ ಹೆಸರು ಕೇಳಿದರೆ ಉರಿದುಬೀಳುತ್ತಿದ್ದ. ಆಮೇಲಾಮೇಲೆ ಅದೇ ಹೆಸರಿನಿಂದ ಗಿರಾಕಿಗಳು ಹುಡುಕಿಕೊಂಡು ಬರತೊಡಗಿದ್ದರಿಂದ ಬೋರ್ಡಿನ ಮೇಲೂ ಅದನ್ನೇ ಬರೆಸಿದ.

ಮದುವೆ ವೀಡಿಯೊ ತೆಗೆಯುವವರು ಬರುತ್ತಿದ್ದರು. ಶಾಲೆಯವರು, ವ್ಯಾಯಾಮ ಕಲಿಸುವವರು, ಭಾಷಣ ಮಾಡುವವರು ಬರುತ್ತಿದ್ದರು. ಎಲ್ಲರದ್ದೂ ಒಂದೇ ಗೋಳು. ಫೈಲು ಆನೆಯಷ್ಟಿದೆ, ಇಂಟರ್ನೆಟ್ಟಿಗೆ ಏರುವುದಿಲ್ಲ, ಏರಿದರೂ ನೋಡುವವರ ಫೋನಿನಲ್ಲಿ ಬರೀ ಚಕ್ರ ತಿರುಗುತ್ತದೆ. ಜರಡಿ ಆನೆಯನ್ನು ತೆಗೆದುಕೊಂಡು ಇಲಿ ಮಾಡಿ ಕೊಡುತ್ತಿದ್ದ, ಆದರೂ ನೋಡುವವರ ಕಣ್ಣಿಗೆ ಅದು ಆನೆಯೇ. ಹೇಗೆ ಎಂದು ಯಾರಾದರೂ ಕೇಳಿಬಿಟ್ಟರೆ ಮುಗಿಯಿತು, ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗುವವರೆಗೆ ಬಿಡುತ್ತಿರಲಿಲ್ಲ.

"ನಿಮ್ಮ ಹಿಂದಿರೋ ಗೋಡೆ ನೋಡಿ ಸಾರ್. ಮೊದಲನೇ ಸೆಕೆಂಡಲ್ಲೂ ಇದೆ, ಕೊನೇ ಸೆಕೆಂಡಲ್ಲೂ ಇದೆ. ಅದನ್ನ ಸೆಕೆಂಡಿಗೆ ಮೂವತ್ತು ಸಲ ಬರ್ಕೊಳ್ಳೋದು ಯಾಕೆ? ಒಂದು ಸಲ ಬರ್ಕೊಂಡು, ಹಾಗೇ ಇದೆ, ಹಾಗೇ ಇದೆ ಅಂತ ಹೇಳ್ತಾ ಹೋದ್ರೆ ಸಾಕು. ಅಲ್ಲಾಡಿದ್ದನ್ನ ಮಾತ್ರ ಬರ್ಕೊಳ್ಳೋದು."

ಆದರೆ ಅಷ್ಟರಿಂದ ಅವನು ಜರಡಿಯಾಗಿರಲಿಲ್ಲ. ಅಷ್ಟನ್ನು ಯಂತ್ರವೇ ಮಾಡುತ್ತದೆ. ಬೆಳಕು ಕಡಿಮೆ ಇರುವ ಕಡೆ ತೆಗೆದ ವೀಡಿಯೊದ ಮೇಲೆಲ್ಲ ಸಣ್ಣ ಚುಕ್ಕೆಗಳು ಗಿಜಿಗುಟ್ಟುತ್ತವೆ. ಅದನ್ನು ಅವನು ಮರಳು ಎನ್ನುತ್ತಿದ್ದ. ಯಂತ್ರಕ್ಕೆ ಮರಳೂ ಒಂದೇ, ಹಾರುವ ಹಕ್ಕಿಯೂ ಒಂದೇ. ಅಲ್ಲಾಡುತ್ತಿದೆಯಲ್ಲ ಎಂದು ಎಲ್ಲವನ್ನೂ ಬರೆದುಕೊಂಡು ಫೈಲನ್ನು ಊದಿಸಿಬಿಡುತ್ತದೆ. ಆದ್ದರಿಂದ ಮೊದಲು ಮರಳು ಸೋಸಬೇಕು. ಹಿಂದಿನ ಚಿತ್ರವನ್ನೂ ಮುಂದಿನ ಚಿತ್ರವನ್ನೂ ಹೋಲಿಸಿ, ನಡುವೆ ಸಣ್ಣಗೆ ನಡುಗಿದ್ದನ್ನೆಲ್ಲ ಒರೆಸಿಹಾಕಬೇಕು. ಎಷ್ಟು ನಡುಗಿದರೆ ಮರಳು, ಎಷ್ಟು ನಡುಗಿದರೆ ನಿಜವಾದ ಚಲನೆ ಎಂದು ಯಂತ್ರಕ್ಕೆ ಹೇಳಲು ಒಂದರಿಂದ ಹತ್ತರವರೆಗೆ ಅಳತೆ ಇತ್ತು. ಅದನ್ನು ಎಷ್ಟಕ್ಕೆ ಇಡಬೇಕೆಂಬುದೇ ಜರಡಿಯ ವಿದ್ಯೆ. ಆ ವಿದ್ಯೆಯಲ್ಲಿ ಅವನದು ಎತ್ತಿದ ಕೈ ಎಂಬುದನ್ನು ಅವನ ಹೆಂಡತಿಯೂ ಒಪ್ಪುತ್ತಿದ್ದಳು. ಅವಳು ಬೇರೆ ಯಾವ ವಿಷಯದಲ್ಲೂ ಅವನನ್ನು ಒಪ್ಪಿದವಳಲ್ಲ.

ಗೋಡೆಯ ಮೇಲೆ ಒಂದು ರಟ್ಟು ನೇತುಹಾಕಿದ್ದ: 'ಯಾವುದು ಅಸಲು ಎಂದು ಹೇಳಿದವರಿಗೆ ಕೆಲಸ ಪುಕ್ಕಟೆ.' ಪ್ರತಿ ವೀಡಿಯೊದಿಂದಲೂ ಸೋಸುವ ಮೊದಲು ಐದು ಕಡೆ ಒಂದೊಂದು ಚಿತ್ರ ತೆಗೆದಿಡುವನು. ಸೋಸಿದ ಮೇಲೆ ಅದೇ ಐದು ಕಡೆ ಇನ್ನೊಂದೊಂದು ಚಿತ್ರ. ಈ ಹತ್ತನ್ನೂ 'ಪಂದ್ಯ' ಎಂಬ ಫೋಲ್ಡರಿಗೆ ಹಾಕಿ, ಗಿರಾಕಿ ಬಂದಾಗ ಜೋಡಿ ಜೋಡಿಯಾಗಿ ಪರದೆಯ ಮೇಲೆ ತೋರಿಸುವನು. ಹನ್ನೆರಡು ವರ್ಷದಲ್ಲಿ ಒಬ್ಬರೂ ಗೆದ್ದಿರಲಿಲ್ಲ. ಪಕ್ಕದ ಕನ್ನಡಕದ ಅಂಗಡಿಯವನೇ ಎರಡು ಸಲ ಸೋತಿದ್ದ, ಮೂರನೆಯ ಸಲಕ್ಕೆ ಆ ಕಡೆ ತಲೆ ಹಾಕಲಿಲ್ಲ. ಆ ಐದು ಚಿತ್ರಗಳನ್ನು ಬಿಟ್ಟರೆ ಜರಡಿ ಯಾವ ವೀಡಿಯೊವನ್ನೂ ನೋಡುತ್ತಿರಲಿಲ್ಲ. ಕಂಡವರ ಮದುವೆ ನೋಡುತ್ತಾ ಕೂತರೆ ಜನ್ಮ ಸಾಲದು ಎನ್ನುತ್ತಿದ್ದ.

ಇನ್ನೊಂದು ಪದ್ಧತಿಯೂ ಇತ್ತು. ಗಿರಾಕಿ ತಂದ ಪೆನ್‌ಡ್ರೈವಿನಲ್ಲಿದ್ದುದನ್ನೆಲ್ಲ ಅಳಿಸಿ, ಅದರಲ್ಲೇ ಚಿಕ್ಕ ಫೈಲನ್ನು ಹಾಕಿ ಕೊಡುವುದು. ತನ್ನ ಕಂಪ್ಯೂಟರಿನಲ್ಲಿದ್ದ ದೊಡ್ಡದನ್ನೂ ಆಗಲೇ ಅಳಿಸುವುದು. ಇಟ್ಟುಕೊಂಡು ಏನು ಮಾಡುವುದು? ಗಿರಾಕಿಗೆ ವ್ಯತ್ಯಾಸವೇ ಗೊತ್ತಾಗದಿದ್ದ ಮೇಲೆ ಎರಡೆರಡು ಯಾಕೆ?

ಈ ಗುಣ ಅವನಿಗೆ ಹುಟ್ಟಿನಿಂದ ಬಂದದ್ದು. ಅವನೂ ತಂಗಿಯೂ ಚಿಕ್ಕವರಿದ್ದಾಗ ಐದು ಜನರ ಸಂಸಾರ ಒಂದೇ ಕೋಣೆಯಲ್ಲಿತ್ತು. ವರ್ಷಕ್ಕೊಂದು ಮನೆ ಬದಲಾಯಿಸುತ್ತಿದ್ದರು. ಹನ್ನೆರಡನೆಯ ವಯಸ್ಸಿಗೇ ಸಾಮಾನು ಕಟ್ಟುವ ಯಜಮಾನಿಕೆ ಅವನ ಪಾಲಿಗೆ ಬಂತು. ಒಂದು ಟ್ರಂಕು, ಎರಡು ಗಂಟಿನಲ್ಲಿ ಇಡೀ ಮನೆಯನ್ನು ತುಂಬಿಸಿ ತೋರಿಸುವನು, ನೋಡಿದವರು ಭೇಷ್ ಎನ್ನುವರು. ಹೇಗೆ ಹಿಡಿಸಿತು ಎಂದು ಯಾರೂ ಕೇಳುತ್ತಿರಲಿಲ್ಲ. ಒಂದು ಸಲ ತಂಗಿಯ ನೀಲಿ ಮುಚ್ಚಳದ ಡಬ್ಬಿ ಹಿಡಿಸಲಿಲ್ಲ. ಅದರಲ್ಲಿ ಅವಳು ಕೂಡಿಟ್ಟ ಗುಂಡಿ, ಬಳೆಚೂರು ಇದ್ದವು. ಹಿತ್ತಲ ಗೋಡೆಯಾಚೆ ಎಸೆದುಬಿಟ್ಟ. ಹೊಸ ಮನೆಯಲ್ಲಿ ಆರು ವರ್ಷದ ತಂಗಿ ಡಬ್ಬಿ ಎಲ್ಲಿ ಎಂದು ಅಳತೊಡಗಿದಾಗ, ಕಣ್ಣು ಪಿಳುಕಿಸದೆ ಹೇಳಿದ: "ನಿನ್ನ ಹತ್ರ ಅಂಥ ಡಬ್ಬಿ ಇರಲೇ ಇಲ್ವಲ್ಲೇ. ಎದುರು ಮನೆಯವಳ ಹತ್ರ ಇದ್ದದ್ದು." ಎರಡು ದಿನ ಇದನ್ನೇ ಹೇಳಿದ. ಮೂರನೆಯ ದಿನ ತಂಗಿ ಕಣ್ಣೊರೆಸಿಕೊಂಡು, "ಇರಬಹುದು" ಎಂದಳು. ಅಣ್ಣ ಹೇಳಿದ ಮೇಲೆ ಮುಗಿಯಿತು. ಅವಳ ಆ ಗುಣವೂ ಹುಟ್ಟಿನಿಂದ ಬಂದದ್ದೇ ಇರಬೇಕು.

ತಂಗಿ ದೊಡ್ಡವಳಾಗಿ ಗೋದಾಮಿನಲ್ಲಿ ಮೂಟೆ, ಪೆಟ್ಟಿಗೆ ಎತ್ತಿಳಿಸುವ ಒಬ್ಬನನ್ನು ತಾನಾಗಿಯೇ ಮೆಚ್ಚಿ ಮದುವೆಯಾದಳು. ಜರಡಿಗೆ ಅದು ಹಿಡಿಸಲಿಲ್ಲ. ತಂಗಿಯ ಗಂಡನನ್ನು ಬಾಯಿತುಂಬ ಭಾವ ಎಂದು ಕರೆದದ್ದೇ ಇಲ್ಲ. ಆತ ಬಂದರೆ ಕೂರಿಸಿ ಚಹಾ ಕೊಡುವನು, ಹೋದ ಮೇಲೆ ಮೂಗು ಮುರಿಯುವನು. ಮುಖ್ಯವಾಗಿ ಆತ ಜನರನ್ನು ಕರೆಯುವ ರೀತಿ ಜರಡಿಗೆ ಆಗುತ್ತಿರಲಿಲ್ಲ. ಗೋದಾಮಿನ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ಅಲ್ಲಿಯವರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಅಂಗೈ ಕೆಳಗೆ ಮಾಡಿ, ನಾಲ್ಕು ಬೆರಳು ಮಡಚಿ ತೆರೆದರೆ 'ಬಾ' ಎಂದರ್ಥ. ಆತ ಮನೆಯಲ್ಲೂ ಹಾಗೇ ಕರೆಯುವನು, ಮಗಳನ್ನೂ ಹೆಂಡತಿಯನ್ನೂ. ತಂಗಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅಲ್ಲೂ ಯಂತ್ರಗಳ ಸದ್ದು. ಅವಳಿಗೂ ಅದೇ ಅಭ್ಯಾಸವಾಯಿತು. ಜರಡಿ ಎಷ್ಟೋ ಸಲ ಬೈದಿದ್ದ: "ಬಾಯಿಲ್ವೇನೇ ನಿಂಗೆ? ಕೂಲಿಯೋರ ಥರ ಏನದು ಬೆರಳಾಡ್ಸೋದು?"

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಗೋದಾಮಿನಲ್ಲಿ ಪೆಟ್ಟಿಗೆಗಳ ಸಾಲು ಕುಸಿದು ಆತನ ಮೇಲೆ ಬಿತ್ತು. ಸೊಂಟದಿಂದ ಕೆಳಗೆಲ್ಲ ಪೆಟ್ಟಿಗೆಗಳ ಅಡಿಗೆ ಸಿಕ್ಕಿತು. ಪೆಟ್ಟಿಗೆ ಎತ್ತುವ ಗಾಡಿ ಇನ್ನೊಂದು ಗೋದಾಮಿನಿಂದ ಬರುವವರೆಗೆ ನಲವತ್ತೊಂದು ನಿಮಿಷ ಹಾಗೇ ಬಿಟ್ಟಿದ್ದರು. ಅಷ್ಟರಲ್ಲಿ ಜೀವ ಹೋಗಿತ್ತು.

ಎಷ್ಟರಲ್ಲಿ ಹೋಗಿತ್ತು ಎಂಬುದೇ ಆಮೇಲೆ ಎದ್ದ ಪ್ರಶ್ನೆ. ಗೋದಾಮಿನ ಮೇಲ್ವಿಚಾರಕ ಬರೆದುಕೊಟ್ಟ ಹೇಳಿಕೆ ಇಷ್ಟೇ: 'ಬಿದ್ದ ಕ್ಷಣದಲ್ಲೇ ಸತ್ತಿದ್ದ. ನಾನು ಎರಡು ಸಲ ಹತ್ತಿರ ಹೋಗಿ ನೋಡಿದೆ. ಅಲುಗಾಡಲಿಲ್ಲ. ಆದ್ದರಿಂದ ಜನರನ್ನು ಸೇರಿಸಿ ಕೈಯಿಂದ ಎತ್ತಿಸುವ ಆತುರ ಮಾಡಲಿಲ್ಲ.' ಸಾವಿನ ಹೊತ್ತು ಖಚಿತವಾಗಿ ಹೇಳಲಾಗದು ಎಂದು ವೈದ್ಯರು ಬರೆದರು. ಅಲ್ಲಿಗೆ ಎಲ್ಲರೂ ಕೈ ತೊಳೆದುಕೊಂಡ ಹಾಗಾಯಿತು. ತಂಗಿ ಮಾತ್ರ ಬಿಡಲಿಲ್ಲ. ಗೋದಾಮಿನ ಕಾವಲುಗಾರ ಕ್ಯಾಮೆರಾದ ವೀಡಿಯೊವನ್ನು ಅವಳಿಗೆ ಒಂದು ಸಲ ತೋರಿಸಿ, ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ಆ ತಪ್ಪಿಗೆ ಅವನ ಕೆಲಸ ಹೋಯಿತು, ಅವನು ಊರನ್ನೇ ಬಿಟ್ಟ. ಗೋದಾಮಿನ ಯಂತ್ರದಲ್ಲಿ ಹದಿನೈದು ದಿನಕ್ಕೊಮ್ಮೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಹೀಗಾಗಿ ತಂಗಿಯ ಕೈಯಲ್ಲಿದ್ದುದೇ ಲೋಕದಲ್ಲಿ ಉಳಿದ ಒಂದೇ ಒಂದು ಪ್ರತಿ.

ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವಳು ಅಣ್ಣನ ಅಂಗಡಿಗೆ ಬಂದಳು. ವಿಚಾರಣೆ ನಡೆಸುವ ಕಾರ್ಮಿಕ ಕಚೇರಿಯ ವೆಬ್‌ಸೈಟು ಐವತ್ತು ಎಂಬಿಗಿಂತ ದೊಡ್ಡ ವೀಡಿಯೊ ತೆಗೆದುಕೊಳ್ಳುವುದಿಲ್ಲ. ಇದು ಒಂದೂವರೆ ಜಿಬಿ.

"ಇದರಲ್ಲಿ ಒಂದು ಚೂರೂ ಹೋಗಬಾರದು ಅಣ್ಣ."

"ಯಾರ ಹತ್ರ ಮಾತಾಡ್ತಿದೀಯ ಪುಟ್ಟಿ? ಆ ರಟ್ಟು ಓದು."

"ಅದಲ್ಲ ಅಣ್ಣ. ಒಂಬತ್ತನೇ ನಿಮಿಷದಲ್ಲಿ ಅವರ..."

"ಬೇಡ, ಹೇಳ್ಬೇಡ!" ಜರಡಿ ಎರಡೂ ಕೈ ಎತ್ತಿದ. "ನನ್ನ ಕೈಲಿ ಕೇಳೋಕಾಗಲ್ಲ. ನಂಗೂ ಕರುಳಿದೆ."

ಕರುಳಿತ್ತೋ ಇಲ್ಲವೋ, ಹೊರಗೆ ಮದುವೆಯ ಫೈಲು ತಂದ ಇಬ್ಬರು ಕಾಯುತ್ತಿದ್ದುದಂತೂ ನಿಜ. ತಂಗಿ ಬಾಯಿ ಮುಚ್ಚಿದಳು. ಜರಡಿ ಕೆಲಸಕ್ಕೆ ಕೂತ. ಅರೆಗತ್ತಲ ಗೋದಾಮು, ಹಳೆಯ ಕ್ಯಾಮೆರಾ, ಪರದೆಯ ತುಂಬ ಮರಳೋ ಮರಳು. ಸಾಮಾನ್ಯವಾಗಿ ಅವನು ಅಳತೆಯನ್ನು ಮೂರಕ್ಕೆ ಇಡುತ್ತಿದ್ದ. ಮೂರಕ್ಕೆ ಇಟ್ಟರೆ ಫೈಲು ಇನ್ನೂರು ಎಂಬಿಯಲ್ಲೇ ನಿಂತಿತು. ಐದಕ್ಕೆ ಇಟ್ಟ, ಏಳಕ್ಕೆ ಇಟ್ಟ. ಒಂಬತ್ತಕ್ಕೆ ಇಟ್ಟಾಗ ನಲವತ್ತೆಂಟಕ್ಕೆ ಇಳಿಯಿತು. ಐದು ಕಡೆಯ ಚಿತ್ರಗಳನ್ನು ತೆಗೆದು ಫೋಲ್ಡರಿಗೆ ಹಾಕಿದ, ಮೇಲುಮೇಲೆ ಕಣ್ಣಾಡಿಸಿದ. ಕನ್ನಡಿಯಷ್ಟು ಸ್ವಚ್ಛ. ಅಲ್ಲಿಂದಲೇ ವೆಬ್‌ಸೈಟಿಗೆ ಏರಿಸಿದ, ಪೆನ್‌ಡ್ರೈವು ಅಳಿಸಿದ, ಚಿಕ್ಕದನ್ನು ಅದಕ್ಕೆ ಹಾಕಿದ, ದೊಡ್ಡದನ್ನು ಕಂಪ್ಯೂಟರಿನಿಂದಲೂ ತೆಗೆದ. ಎಲ್ಲ ಎಂದಿನ ಹಾಗೆ. ತಂಗಿಯ ತಲೆ ಸವರಿ, ಒಂದು ಕಾಸೂ ಬೇಡ ಎಂದ. ಹೊರಗೆ ಕಾಯುತ್ತಿದ್ದ ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ ಎಂದ.

ಮೂರು ವಾರ ಕಳೆಯಿತು. ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ತಂಗಿ ಮತ್ತೆ ಬಂದಳು. ಯಾವ ಯಾವ ನಿಮಿಷದಲ್ಲಿ ಏನು ಕಾಣುತ್ತದೆ ಎಂದು ಬರೆದು ತರಲು ವಕೀಲರು ಹೇಳಿದ್ದರು. ಅಂದು ಅಂಗಡಿಯಲ್ಲಿ ಟ್ಯೂಷನ್ ಸೆಂಟರಿನ ಮಾಲೀಕ ಕೂತಿದ್ದ. ಎರಡು ಸಾವಿರ ಪಾಠಗಳ ವೀಡಿಯೊ ಸಣ್ಣ ಮಾಡಿಸಬೇಕಿತ್ತು. ಜರಡಿ ಜೀವಮಾನದಲ್ಲಿ ಕಾಣದಷ್ಟು ದೊಡ್ಡ ಕೆಲಸ. ಮಾತುಕತೆ ಮುಗಿದಿತ್ತು, ಆತ ಹೂಂ ಎನ್ನುವುದೊಂದು ಬಾಕಿ ಇತ್ತು. ಜರಡಿ ತಂಗಿಯನ್ನು ಇನ್ನೊಂದು ಕಂಪ್ಯೂಟರಿನ ಮುಂದೆ ಕೂರಿಸಿ, ಫೈಲು ಹಾಕಿಕೊಟ್ಟು ಮತ್ತೆ ಮಾಲೀಕನ ಕಡೆ ತಿರುಗಿದ.

ಅವಳು ಒಂದು ಕೈಯಲ್ಲಿ ಪೆನ್ನು ಹಿಡಿದು ನೋಡುತ್ತಾ ಕೂತಳು. ಹತ್ತು ನಿಮಿಷವಾಯಿತು. ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಮತ್ತೆ ಹಿಂದಕ್ಕೆ ಎಳೆದಳು.

"ಅಣ್ಣ, ಇದಲ್ಲ."

"ಯಾವುದಲ್ಲ?"

"ಇದು ನಾನು ಕೊಟ್ಟಿದ್ದಲ್ಲ. ಇದರಲ್ಲಿ ಕೈ ಎಲ್ಲಿ?"

"ಕೈ ಅಲ್ಲೇ ಇದೆಯಲ್ಲೇ. ಕಾಣ್ತಾ ಇಲ್ವಾ?"

ಕೈ ಇತ್ತು. ಪೆಟ್ಟಿಗೆಗಳ ಅಡಿಯಿಂದ ಹೊರಗೆ ಚಾಚಿದ ಬಲಗೈ, ಪರದೆಯ ಮೂಲೆಯಲ್ಲಿ, ಕಡಲೆಕಾಳಿನಷ್ಟು. ನೆಲ ಇದ್ದ ಹಾಗೆ, ಪೆಟ್ಟಿಗೆ ಇದ್ದ ಹಾಗೆ ಕೈಯೂ ಇತ್ತು.

"ಅದು ಅಲ್ಲಾಡ್ತಿತ್ತು ಅಣ್ಣ. ಒಂಬತ್ತನೇ ನಿಮಿಷದಿಂದ ಮೂವತ್ತೊಂದರವರೆಗೂ. ಸುಮ್ನೆ ನಡುಗಿದ್ದಲ್ಲ. ಬೆರಳು ಮಡಚೋದು, ತೆಗೆಯೋದು, ಮಡಚೋದು, ತೆಗೆಯೋದು. ಅವರು ಕರೀತಿದ್ರು. ಆ ಮನುಷ್ಯ ಎರಡು ಸಲ ಪಕ್ಕದಲ್ಲೇ ಹೋದ, ಎರಡು ಸಲನೂ ಅವರು ಕರೀತಿದ್ರು. ನಾನು ನನ್ನ ಕಣ್ಣಾರೆ ನೋಡಿದೀನಿ."

ಜರಡಿಗೆ ಆ ಕ್ಷಣದಲ್ಲೇ ಎಲ್ಲ ತಿಳಿದುಹೋಯಿತು, ತಿಳಿಯದಿರಲು ಅವನೇನು ಹೊಸಬನೇ? ಅಳತೆ ಒಂಬತ್ತು. ಕಡಲೆಕಾಳಿನಷ್ಟು ಕೈ, ಮಬ್ಬು ಬೆಳಕು, ನಿಧಾನವಾಗಿ ಮಡಚುವ ಬೆರಳು. ಯಂತ್ರ ಅದನ್ನು ಮರಳೆಂದು ಒರೆಸಿಹಾಕಿ, 'ಹಾಗೇ ಇದೆ, ಹಾಗೇ ಇದೆ' ಎನ್ನುತ್ತಾ ಹೋಗಿತ್ತು. ಹಾಗೆ ಫೈಲಿನಲ್ಲಿ ಉಳಿಸಿದ ಜಾಗವನ್ನೆಲ್ಲ ನಡೆದಾಡಿದ ಮೇಲ್ವಿಚಾರಕನಿಗೆ ಕೊಟ್ಟಿತ್ತು. ಅವನ ಬೂಟಿನ ದಾರವೂ ಎಣಿಸುವಷ್ಟು ಚೊಕ್ಕಟವಾಗಿ ಕಾಣುತ್ತಿತ್ತು.

ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಪಂದ್ಯ ಗೆದ್ದಿದ್ದರು. ಟ್ಯೂಷನ್ ಮಾಲೀಕ ಕುತ್ತಿಗೆ ಉದ್ದ ಮಾಡಿ ಪರದೆಯ ಕಡೆ ನೋಡುತ್ತಿದ್ದ.

"ಏನ್ರೀ ಇದು? ಸಣ್ಣ ಮಾಡಿದ್ರಲ್ಲಿ ಏನಾದ್ರೂ ಹೋಗಿಬಿಡುತ್ತಾ? ನಮ್ಮ ಮಾಸ್ತರು ಬೋರ್ಡ್ ಮೇಲೆ ಸಣ್ಣ ಸಣ್ಣಕ್ಕೆ ಬರೀತಾರೆ ಮತ್ತೆ."

"ಛೆ ಛೆ, ಎಲ್ಲಾದ್ರೂ ಉಂಟಾ ಸಾರ್!" ಜರಡಿ ನಕ್ಕ. ಆ ನಗು ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ. ತಂಗಿಯ ಪಕ್ಕ ಸ್ಟೂಲಿನ ಮೇಲೆ ಕೂತು, ಅವಳ ಕೈಯಿಂದ ಪೆನ್ನು ಮೆಲ್ಲಗೆ ತೆಗೆದಿಟ್ಟ. "ಪುಟ್ಟಿ, ಕೇಳು. ನೀನು ಅದನ್ನ ಎಷ್ಟು ಸಲ ನೋಡಿದೆ?"

"ಒಂದೇ ಸಲ."

"ನಿಂತ್ಕೊಂಡೋ ಕೂತ್ಕೊಂಡೋ?"

"ನಿಂತ್ಕೊಂಡು. ಆ ಕಾವಲಿನವನ ಕೋಣೇಲಿ."

"ಅಳ್ತಾ ಇದ್ದೆ, ಅಲ್ವಾ?"

"ಹೂಂ."

"ಅದೇ ಮತ್ತೆ. ಕಣ್ಣಲ್ಲಿ ನೀರು ತುಂಬಿದ್ರೆ ಗೋಡೆನೂ ಅಲ್ಲಾಡುತ್ತೆ. ಮೇಲಿಂದ ಆ ವೀಡಿಯೊ ತುಂಬ ಚುಕ್ಕೆ ಗಿಜಿಗಿಜಿ ಅಂತಿತ್ತು. ನಿನ್ನ ಮನಸ್ಸು ಏನು ಬೇಡ್ತಿತ್ತೋ ಕಣ್ಣು ಅದನ್ನೇ ತೋರಿಸಿದೆ. ತಪ್ಪಲ್ಲ ಅದು. ಆದ್ರೆ ಅಲ್ಲಿ ಏನೂ ಅಲ್ಲಾಡಿಲ್ಲ. ಅಲ್ಲಾಡಿದ್ದು ಯಾವುದೂ ನನ್ನ ಕೈಲಿ ಹೋಗಲ್ಲ."

"ಹೌದಮ್ಮ," ಎಂದು ಮಾಲೀಕ ದನಿಗೂಡಿಸಿದ. "ನಮ್ಮ ತಾಯಿನೂ ಹಾಗೇ. ನಮ್ಮಪ್ಪ ಹೋದ ಮೇಲೆ ವರ್ಷಗಟ್ಲೆ ಅವರು ಕುರ್ಚೀಲಿ ಕೂತಿದಾರೆ ಅಂತಿದ್ರು."

ತಂಗಿ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು, ಬೆರಳುಗಳನ್ನು ಒಂದು ಸಲ ಮಡಚಿ ತೆರೆದು ನೋಡಿಕೊಂಡಳು. ಏನನ್ನೋ ನೆನಪು ಮಾಡಿಕೊಳ್ಳುವವಳ ಹಾಗಿತ್ತು.

"ಇರಬಹುದು," ಎಂದಳು.

ಆ ಮಾತು ಕೇಳಿದ್ದೇ ಜರಡಿಗೆ ನೀಲಿ ಮುಚ್ಚಳ ನೆನಪಾಯಿತು. ಸುಳ್ಳಲ್ಲ, ತೆಗೆದಿಟ್ಟ ಪೆನ್ನನ್ನು ಅವಳ ಕೈಗೆ ವಾಪಸು ಕೊಡಲು ಎತ್ತಿಯೂ ಎತ್ತಿದ. ಆದರೆ ಮಾಲೀಕ ಅಷ್ಟರಲ್ಲೇ, "ಆಯ್ತು, ನಾಡಿದ್ದಿಂದ ಫೈಲು ಕಳಿಸ್ತೀನಿ" ಎಂದು ಎದ್ದು ನಿಂತ. ಜರಡಿ ಪೆನ್ನನ್ನು ತನ್ನ ಜೇಬಿಗೆ ಸಿಕ್ಕಿಸಿಕೊಂಡ.

ಇಬ್ಬರೂ ಹೋದ ಮೇಲೆ ಅವನು ಬಾಗಿಲು ಅರ್ಧ ಮುಚ್ಚಿ, ಅಳಿಸಿಹೋದ ಫೈಲುಗಳನ್ನು ಎತ್ತಿಕೊಡುವ ಸಾಫ್ಟ್‌ವೇರು ಓಡಿಸಿ ನೋಡಿದ. ಆ ಜಾಗದ ಮೇಲೆ ಆಗಲೇ ಆರು ಮದುವೆಗಳು ಬಂದು ಕೂತಿದ್ದವು. ಏನೂ ಸಿಗಲಿಲ್ಲ. ಸಿಗದಿದ್ದುದೇ ಒಳ್ಳೆಯದಾಯಿತು ಎಂದು ಉಸಿರು ಬಿಡುವಷ್ಟರಲ್ಲಿ 'ಪಂದ್ಯ' ಫೋಲ್ಡರು ಕಣ್ಣಿಗೆ ಬಿತ್ತು.

ತೆರೆದ. ಮೊದಲ ನಿಮಿಷ, ಹತ್ತನೆಯ ನಿಮಿಷ, ಇಪ್ಪತ್ತನೆಯದು, ಮೂವತ್ತನೆಯದು, ಕೊನೆಯದು. ಸೋಸುವ ಮೊದಲಿನ ಐದು ಚಿತ್ರಗಳು ಮರಳಿನ ಸಮೇತ ಅಲ್ಲೇ ಇದ್ದವು. ಕೈಯಿದ್ದ ಮೂಲೆಯನ್ನು ದೊಡ್ಡದು ಮಾಡಿದ. ಮೊದಲ ನಿಮಿಷದಲ್ಲಿ ಬೆರಳು ಚಾಚಿಕೊಂಡಿದ್ದವು. ಹತ್ತರಲ್ಲಿ ಮಡಚಿದ್ದವು. ಇಪ್ಪತ್ತರಲ್ಲಿ ತೆರೆದಿದ್ದವು, ಕೈ ಅರ್ಧ ಗೇಣು ಮುಂದಕ್ಕೂ ಬಂದಿತ್ತು. ಆ ಚಿತ್ರದಲ್ಲೇ ಎರಡು ಹೆಜ್ಜೆ ದೂರದಲ್ಲಿ ಮೇಲ್ವಿಚಾರಕನ ಬೂಟು. ಮೂವತ್ತರಲ್ಲಿ ಮತ್ತೆ ಮಡಚಿದ್ದವು. ಪಕ್ಕದ ಸಾಲಿನಲ್ಲಿ ಅವನ ಜರಡಿ ಹಿಡಿದ ಐದು ಚಿತ್ರಗಳಿದ್ದವು. ಐದರಲ್ಲೂ ಒಂದೇ ಕೈ, ಚಾಚಿದ ಹಾಗೇ ಚಾಚಿಕೊಂಡಿತ್ತು.

ನಾಳೆ ಈ ಹತ್ತು ಚಿತ್ರಗಳನ್ನು ಅಧಿಕಾರಿಯ ಮುಂದಿಟ್ಟರೆ ಸಾಕು, ತಂಗಿಯ ಗಂಡ ಆಗ ಬದುಕಿದ್ದ ಎಂದು ಕುರುಡನೂ ಹೇಳುತ್ತಾನೆ. ತಂಗಿಗೆ ಬೇಕಿದ್ದುದು ಅಷ್ಟೇ ಒಂದು ಮಾತು. ಜೊತೆಗೆ, ಹನ್ನೆರಡು ವರ್ಷದಿಂದ ಜನರ ಕಣ್ಣಿಗೆ ಮಣ್ಣೆರಚುತ್ತಿದ್ದೆ ಎಂದು ಜರಡಿ ತನ್ನ ಬಾಯಿಂದಲೇ ಹೇಳಿದ ಹಾಗೂ ಆಗುತ್ತದೆ.

ಮರುದಿನ ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದವನನ್ನು ಹೆಂಡತಿ ಎರಡು ಸಲ ನೋಡಿದಳು.

"ಏನಾಗಿದೆ?"

"ಏನಿಲ್ಲ. ಅವಳು ಕೈ ಅಲ್ಲಾಡಿದ್ದು ನೋಡಿದೆ ಅಂತಾಳೆ."

"ಅಂದ್ರೆ ಅಲ್ಲಾಡಿರುತ್ತೆ. ನಿಮ್ಮ ತಂಗಿ ಸುಳ್ಳು ಹೇಳೋಳಲ್ಲ. ನಿಮ್ಮ ವಿಷಯದಲ್ಲಿ ನಾನು ಆ ಮಾತು ಹೇಳಲ್ಲ."

ಜರಡಿ ತಟ್ಟೆ ಸರಿಸಿ ಎದ್ದ. ಚಪ್ಪಲಿ ಹಾಕಿಕೊಳ್ಳುವಾಗ ಹೇಳಿಬಿಡೋಣ ಎಂದುಕೊಂಡ. ಬೀದಿಯ ತಿರುವಿನಲ್ಲಿ, ಅಧಿಕಾರಿ ಕೇಳಿದರೆ ಹೇಳೋಣ ಎಂದುಕೊಂಡ. ಅಂಗಡಿಯ ಬೀಗ ತೆಗೆಯುವಾಗ, ಬಿಡಿಸಿ ಬಿಡಿಸಿ ಕೇಳಿದರೆ ಮಾತ್ರ ಎಂದುಕೊಂಡ. ಮನುಷ್ಯ ಇಳಿಯುವುದೇ ಹೀಗೆ, ಒಂದೊಂದೇ ಮೆಟ್ಟಿಲು, ಕಾಲಿಗೆ ನೋವಾಗದ ಹಾಗೆ.

ವಿಚಾರಣೆ ಹನ್ನೊಂದು ಗಂಟೆಗೆ, ಇಂಟರ್ನೆಟ್ಟಿನಲ್ಲೇ. ತಂಗಿ ಅಣ್ಣನ ಅಂಗಡಿಯಿಂದಲೇ ಕೂರುವುದೆಂದು ಮೊದಲೇ ಮಾತಾಗಿತ್ತು. ದೊಡ್ಡ ಪರದೆ ಇರುವುದು ಅಲ್ಲೇ ತಾನೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಪೆನ್‌ಡ್ರೈವನ್ನು ಬೇಕಾದೀತೆಂದು ಮೇಜಿನ ಮೇಲಿಟ್ಟಳು. ಪರದೆಯ ಒಂದು ಚೌಕದಲ್ಲಿ ಅಧಿಕಾರಿ, ಇನ್ನೊಂದರಲ್ಲಿ ವಕೀಲರು, ಮತ್ತೊಂದರಲ್ಲಿ ಮೇಲ್ವಿಚಾರಕ. ನೋಡಲು ಸಾಧಾರಣ ಮನುಷ್ಯ, ಕಾಲರಿನ ಗುಂಡಿ ಹಾಕಿಕೊಂಡಿದ್ದ, ಪದೇ ಪದೇ ನೀರು ಕುಡಿಯುತ್ತಿದ್ದ. ನೋಡಬಯಸುವವರು ಯಾರು ಬೇಕಾದರೂ ಸೇರಬಹುದಿತ್ತು. ಕೆಳಗಿನ ಸಾಲಿನಲ್ಲಿ ಟ್ಯೂಷನ್ ಮಾಲೀಕನ ಚೌಕವೂ ಇತ್ತು. ಕುತೂಹಲ ಇರಬೇಕು.

ವೀಡಿಯೊ ಹಾಕಿದರು. ಹತ್ತನೆಯ ನಿಮಿಷ, ಇಪ್ಪತ್ತನೆಯ ನಿಮಿಷ. ಎಲ್ಲರೂ ಕಣ್ಣರಳಿಸಿ ನೋಡಿದರು. ಚಿತ್ರ ಎಷ್ಟು ಸ್ಪಷ್ಟವಾಗಿದೆ ಎಂದು ಅಧಿಕಾರಿಯೇ ಮೆಚ್ಚಿಕೊಂಡರು. ಆಮೇಲೆ ಕನ್ನಡಕ ತೆಗೆದು ಕೇಳಿದರು:

"ಈ ಫೈಲನ್ನ ಸಣ್ಣ ಮಾಡಿದ್ದು ಯಾರು?"

"ನಾನು ಸಾರ್."

"ಅರ್ಜಿದಾರರು ಇದರಲ್ಲಿ ಕೈ ಅಲುಗಾಡುತ್ತೆ ಅಂತ ಬರೆದಿದ್ದಾರೆ. ನನಗೆ ಕಾಣ್ತಿಲ್ಲ. ಸಣ್ಣ ಮಾಡುವಾಗ ಏನಾದರೂ ಕಳೆದುಹೋಗಿರೋ ಸಾಧ್ಯತೆ ಇದೆಯಾ? ಯೋಚನೆ ಮಾಡಿ ಹೇಳಿ."

ಇದಕ್ಕಿಂತ ಬಿಡಿಸಿ ಯಾರೂ ಕೇಳಲಾರರು. ಜರಡಿ ಬಾಯಿ ತೆರೆದ. ಮೌಸ್ ಹಿಡಿದ ಅವನ ಕೈ 'ಪಂದ್ಯ' ಫೋಲ್ಡರಿನಿಂದ ಎರಡು ಬೆರಳು ದೂರದಲ್ಲಿತ್ತು. ಮೇಲ್ವಿಚಾರಕ ನೀರಿನ ಲೋಟ ಎತ್ತಿದವನು ಹಾಗೇ ಹಿಡಿದುಕೊಂಡಿದ್ದ. ವಿಚಾರಣೆಗೆ ಕೂತವರಲ್ಲಿ ಸತ್ಯ ಗೊತ್ತಿದ್ದವರು ಅವರಿಬ್ಬರೇ, ಮತ್ತು ತಂಗಿ. ತಂಗಿ ಅಣ್ಣನ ಮುಖವನ್ನೇ ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೇ.

"ಇಲ್ಲ ಸಾರ್," ಎಂದ ಜರಡಿ. "ಎಳ್ಳಷ್ಟೂ ಕಳೆದಿಲ್ಲ."

ಮೇಲ್ವಿಚಾರಕ ನೀರು ಕುಡಿದ.

ಅಧಿಕಾರಿ ತಂಗಿಯ ಕಡೆ ತಿರುಗಿದರು. "ನೀವು ಹೇಳಿ ಅಮ್ಮ. ಕೈ ಅಲುಗಿದ್ದು ಖಂಡಿತ ನೋಡಿದ್ರಾ?"

ಅವಳು ಅಣ್ಣನನ್ನು ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡಳು.

"ಇಲ್ಲ ಸಾರ್. ಅಳ್ತಾ ಇದ್ದೆ. ನಂಗೆ ಹಾಗೆ ಕಂಡಿತ್ತು, ಅಷ್ಟೆ."

'ಬಿದ್ದ ಕ್ಷಣದಲ್ಲೇ ಸಾವು' ಎಂದು ಬರೆದುಕೊಂಡರು. ಒಂದೊಂದಾಗಿ ಚೌಕಗಳು ಆರಿಹೋದವು. ಎಲ್ಲ ಸೇರಿ ನಲವತ್ತು ನಿಮಿಷವೂ ಹಿಡಿಯಲಿಲ್ಲ, ಪೆಟ್ಟಿಗೆ ಎತ್ತುವ ಗಾಡಿ ಬರಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಜರಡಿ ಬೈಗುಳಕ್ಕೆ ಕಾದ. ಅವಳು ಅತ್ತರೆ ಏನು ಹೇಳಬೇಕೆಂದೂ ಹೊಂದಿಸಿಕೊಂಡಿದ್ದ. ಅವಳು ಅಳಲಿಲ್ಲ. ಅಣ್ಣನ ಕೈ ಹಿಡಿದುಕೊಂಡಳು.

"ನೀನು ನಿನ್ನೆ ಹೇಳಿದ್ದು ಒಳ್ಳೇದೇ ಆಯ್ತು ಅಣ್ಣ. ಇಷ್ಟು ದಿನ ಕಣ್ಣು ಮುಚ್ಚಿದ್ರೆ ಸಾಕು, ಅವರು ಕರೀತಿದ್ರು, ಯಾರೂ ಬರಲಿಲ್ಲ, ನಾನೂ ಬರಲಿಲ್ಲ ಅನ್ನಿಸ್ತಿತ್ತು. ಕರೆದೇ ಇಲ್ಲ ಅಂದ್ಮೇಲೆ... ಹೋಗ್ಲಿ ಬಿಡು. ನೋವಿಲ್ದೆ ಹೋದ್ರಲ್ಲ, ಅಷ್ಟು ಸಾಕು ನಂಗೆ."

"ಅದೇ ಮತ್ತೆ," ಎಂದ ಜರಡಿ.

ಅವಳು ಹೋದಳು. ಬಾಗಿಲು ದಾಟುವವರೆಗೆ ಕಾದು ಅವನು 'ಪಂದ್ಯ' ಫೋಲ್ಡರಿನ ಆ ಹತ್ತು ಚಿತ್ರಗಳನ್ನು ಅಳಿಸಿದ. ಖಂಡಿತ ಅಳಿಸಬೇಕೇ ಎಂದು ಯಂತ್ರ ಕೇಳಿತು. ಹೌದು ಎಂದ. ತಂಗಿಗೆ ನೆಮ್ಮದಿ ಕೊಟ್ಟೆನಲ್ಲ ಎಂದು ಆಗಲೇ ಮನಸ್ಸಿಗೆ ಹೇಳಿಕೊಳ್ಳತೊಡಗಿದ್ದ, ಇನ್ನೆರಡು ದಿನದಲ್ಲಿ ಅದನ್ನು ನಂಬಿಯೂ ಬಿಡುತ್ತಾನೆ. ಅವನ ಜರಡಿಯಲ್ಲಿ ಮೊದಲು ಹೋಗುವುದು ಅವನದೇ ಮರಳು.

ಚಹಾ ತರಿಸೋಣವೆಂದು ಬಾಗಿಲಿಗೆ ಬಂದ. ನಡುಹಗಲ ಬೀದಿ, ಬಸ್ಸು ಲಾರಿಗಳ ಹಾರ್ನು, ಬೀಗದವನ ಗ್ರೈಂಡರಿನ ಕಿರ್ ಸದ್ದು. ಎದುರಿನ ಬಸ್ ನಿಲ್ದಾಣದಲ್ಲಿ ತಂಗಿ ನಿಂತಿದ್ದಳು. ಚೀಲದಲ್ಲಿ ಏನೋ ತಡಕಾಡಿದಳು, ಅಂಗಡಿಯ ಕಡೆ ತಲೆಯೆತ್ತಿದಳು, ಅಣ್ಣನನ್ನು ಕಂಡಳು. ಪೆನ್‌ಡ್ರೈವು ಮೇಜಿನ ಮೇಲೆಯೇ ಉಳಿದಿತ್ತು. ಕೂಗಿದರೆ ಕೇಳಿಸದು. ಬಲಗೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳು ಮಡಚಿದಳು, ತೆರೆದಳು. ಮಡಚಿದಳು, ತೆರೆದಳು.

ಅಷ್ಟು ದೂರದಿಂದ ಕೈ ಕಡಲೆಕಾಳಿನಷ್ಟೇ ಕಾಣುತ್ತಿತ್ತು. ಆದರೂ ನಾಲ್ಕು ಬೆರಳನ್ನೂ ಎಣಿಸಬಹುದಿತ್ತು. ಜರಡಿ ಎಣಿಸಿದ. ಆಮೇಲೆ ಕಾಣದವನ ಹಾಗೆ ಬೀದಿಯ ಆ ತುದಿ, ಈ ತುದಿ ನೋಡಿ ಒಳಗೆ ತಿರುಗಿದ. ಅವಳು ಇನ್ನೂ ಸ್ವಲ್ಪ ಹೊತ್ತು ಕರೆದಳು. ಬಸ್ಸು ಬಂದು ಅಡ್ಡ ನಿಂತಿತು, ಹೋಯಿತು.

ಅವನು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದರಲ್ಲಿದ್ದುದನ್ನು ಅಳಿಸಿ, ಖಾಲಿಯಾದವುಗಳನ್ನು ಹಾಕಿಡುವ ಡಬ್ಬಿಗೆ ಹಾಕಿದ.